ಮೆಮೊರಿಯ ಮೇಲೊಂದು ಟವೆಲ್

ಕಂಪ್ಯೂಟರ್ ಕೋಣೆಯಲ್ಲಿ ಕೂತವರಿಗೆ ಹೇಳಿಕೊಳ್ಳಲು ಏನಿರುತ್ತದೆ, ಬೆಳಗಿನಿಂದ ಸಂಜೆವರೆಗೆ ಎಸಿ ಗಾಳಿ ಕುಡಿದು ಮನೆಗೆ ಹೋಗುತ್ತಾರೆ ಅಂತ ಜನ ತಿಳಿದಿದ್ದಾರೆ. ನಗುವಂಥ ಪ್ರಸಂಗಗಳು ಅಲ್ಲೂ ಬೇಡ ಬೇಡ ಅಂದರೂ ನಡೆಯುತ್ತಲೇ ಇರುತ್ತವೆ. ಕೆಲವಕ್ಕೆ ನಡೆದ ದಿನವೇ ನಕ್ಕು ಮುಗಿಸಿಬಿಡುತ್ತೇವೆ. ಇನ್ನು ಕೆಲವು ಇವತ್ತು ನೆನಪಾದರೂ ಮೊದಲು ನಗು ಬರುತ್ತದೆ, ಅದರ ಹಿಂದೆಯೇ ಯಾಕಾದರೂ ನಕ್ಕೆವೋ ಅನ್ನಿಸುತ್ತದೆ. ನಾನು ಬರೆಯಹೊರಟಿರುವುದು ಈ ಎರಡನೇ ಜಾತಿಯದೊಂದನ್ನು.

ಎರಡು ಸಾವಿರದ ಮೂರೋ ನಾಲ್ಕೋ ಇಸವಿ. ಭದ್ರಾವತಿಯ ಹೊರಗೆ ಒಂದು ಎರಕದ ಕಾರ್ಖಾನೆ; ಹೆಸರು ಬೇಡ. ಅಲ್ಲಿಯ ಕಂಪ್ಯೂಟರ್ ವಿಭಾಗದಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸ ನನ್ನದು. ವಿಭಾಗ ಅಂದರೆ ನಾವು ಮೂರೇ ಜನ. ಮುಖ್ಯಸ್ಥರಾದ ಸರ್, ಪ್ರೋಗ್ರಾಂ ಬರೆಯುವ ಮೇಡಂ, ಮತ್ತು ಇಬ್ಬರ ಮಧ್ಯೆ ನಾನು.

ಟವೆಲ್ಲಿನ ಪ್ರಯಾಣ

ಸರ್ ಶಿವಮೊಗ್ಗದ ಹಳೇ ಜವಳಿ ವ್ಯಾಪಾರದ ಮನೆತನದವರು. ಹಣೆಯ ಮೇಲೆ ವಿಭೂತಿ, ಹೆಗಲ ಮೇಲೆ ಮನೆಯ ಅಂಗಡಿಯದೇ ಕೆಂಪು ಚೌಕಳಿ ಟವೆಲ್. ಆ ಟವೆಲ್ಲಿನಿಂದ ಅವರು ಮುಖ ಒರೆಸಿಕೊಂಡದ್ದನ್ನು ಆವರೆಗೆ ಯಾರೂ ನೋಡಿರಲಿಲ್ಲ. ಅದು ಇದ್ದದ್ದು ಜಾಗ ಹಿಡಿಯುವುದಕ್ಕೆ.

ಸರ್ ಮತ್ತು ನಾನು ದಿನಾ ಶಿವಮೊಗ್ಗದಿಂದ ಓಡಾಡುತ್ತಿದ್ದವರು. ಬೆಳಿಗ್ಗೆ ಅಲ್ಲಿಯ ಬಸ್ ಸ್ಟ್ಯಾಂಡಿಗೆ ಭದ್ರಾವತಿ ಬಸ್ಸು ತಿರುಗುತ್ತಿದ್ದಂತೆ ಸರ್ ಅದರ ಪಕ್ಕದಲ್ಲೇ ಓಡುತ್ತಾ ಕಿಟಕಿಯಿಂದ ಟವೆಲ್ ಎಸೆಯುತ್ತಿದ್ದರು. ಅದು ಸೀಟಿನ ಮೇಲೆ ಇಸ್ತ್ರಿ ಮಾಡಿಟ್ಟ ಹಾಗೆ ಹಾಸಿಕೊಂಡು ಬೀಳುತ್ತಿತ್ತು. ಹಿಡಿದ ಸೀಟಿನಲ್ಲಿ ತಾವು ಕೂತದ್ದು ಕಡಿಮೆ. ಮಗು ಎತ್ತಿಕೊಂಡವರೋ, ಮಂಡಿ ಹಿಡಿದ ಮುದುಕರೋ ಸಿಕ್ಕರೆ, “ಟವೆಲ್ ಎತ್ತಿ ಕೂತ್ಕೊಳ್ಳಿ, ನಿಮಗೇ ಹಾಕಿದ್ದು” ಎಂದು ಹೇಳಿ ತಾವು ಕಂಬಿ ಹಿಡಿದು ನಿಲ್ಲುತ್ತಿದ್ದರು. ಇನ್ನೊಬ್ಬರಿಗೆ ಜಾಗ ಹಿಡಿದಿಡುವುದು ಅವರಿಗೆ ಒಂದು ಚಟವೇ ಆಗಿತ್ತು. ಕ್ಯಾಂಟೀನಿನ ಮೇಜಿನ ಮೇಲೆ ನಮಗಾಗಿ ಕನ್ನಡಕದ ಡಬ್ಬಿ ಇಡುತ್ತಿದ್ದರು. ಕಾರ್ಖಾನೆಯ ಹೊಂಗೆ ಮರದ ನೆರಳನ್ನು, ನಾನು ಮುಂದೆ ಕೊಳ್ಳಬಹುದಾದ ಸ್ಕೂಟರಿಗೆಂದು, ಒಂದು ಕಲ್ಲಿಟ್ಟು ಹಿಡಿದಿದ್ದರು. ನಾನು ಸ್ಕೂಟರ್ ಕೊಳ್ಳಲೇ ಇಲ್ಲ. ಕಲ್ಲನ್ನು ಮಾತ್ರ ಯಾರೂ ಕದಲಿಸಲಿಲ್ಲ.

ಒಂದು ದಿನ ಅವಸರದಲ್ಲಿ ಬೋರ್ಡು ನೋಡದೆ ಸಾಗರದ ಬಸ್ಸಿಗೆ ಟವೆಲ್ ಎಸೆದುಬಿಟ್ಟರು. ಅದು ಹೊರಟೇ ಹೋಯಿತು. ಮರುದಿನ ಆ ಬಸ್ಸಿನ ಕಂಡಕ್ಟರ್ ಟವೆಲ್ಲನ್ನು ಮಡಿಸಿ ತಂದುಕೊಟ್ಟ.

“ಆಯನೂರಿನ ತನಕ ಜನ ಜೋತಾಡ್ಕೊಂಡು ನಿಂತಿದ್ರು ಸಾರ್. ನಿಮ್ಮ ಟವೆಲ್ ಮಾತ್ರ ಆರಾಮಾಗಿ ಕೂತ್ಕೊಂಡು ಹೋಯ್ತು. ಟಿಕೆಟ್ ಕೇಳೋಕೆ ನಂಗೂ ಧೈರ್ಯ ಬರ್ಲಿಲ್ಲ.”

ಕಾಗದನಗರದ ಪೋಸ್ಟ್‌ಮನ್

ಮೇಡಂ ಬೆಳೆದದ್ದು ಭದ್ರಾವತಿಯ ಪೇಪರ್ ಮಿಲ್ಲಿನವರ ಕಾಗದನಗರದ ಕ್ವಾರ್ಟರ್ಸಿನಲ್ಲಿ, ಆಗ ಇದ್ದದ್ದು ಓಲ್ಡ್ ಟೌನಿನಲ್ಲಿ. ಕರಗಿದ ಕಬ್ಬಿಣವನ್ನು ಅಚ್ಚಿಗೆ ಹೊಯ್ದ ಮೇಲೆ ಅದು ಎಲ್ಲಿ ಮೊದಲು ತಣ್ಣಗಾಗುತ್ತದೆ, ಒಳಗೆ ಎಲ್ಲಿ ಟೊಳ್ಳು ಉಳಿಯುತ್ತದೆ ಎಂದು ಹೊಯ್ಯುವ ಮೊದಲೇ ಲೆಕ್ಕ ಹಾಕಿ ತೋರಿಸುವ ಪ್ರೋಗ್ರಾಮನ್ನು ಅವರು ಒಬ್ಬರೇ ಕೂತು ಬರೆದಿದ್ದರು. ಅದು ಹೇಳಿದ ಜಾಗದಲ್ಲಿ ಗರಗಸ ಇಟ್ಟು ಕೊಯ್ದರೆ ಟೊಳ್ಳು ಅಲ್ಲೇ ಇರುತ್ತಿತ್ತು. ಕುಲುಮೆಯವರು ಮೇಡಂ ಎದುರಿಗೆ ಬಂದರೆ ಹೆಲ್ಮೆಟ್ ತೆಗೆಯುತ್ತಿದ್ದರು.

ಆದರೆ ಅದು ಬಲು ನಿಧಾನ. ಬೆಳಿಗ್ಗೆ ಶುರು ಮಾಡಿದರೆ ಮೇಡಂ ಮನೆಗೆ ಹೊರಡುವ ಹೊತ್ತಿಗೂ ಮುಗಿಯುತ್ತಿರಲಿಲ್ಲ. ಬೆಂಗಳೂರಿನ ಆಫೀಸಿನವರು ಇದೇ ನೆಪ ಹಿಡಿದು, ಹೊರಗಿನಿಂದ ರೆಡಿಮೇಡ್ ಪ್ಯಾಕೇಜ್ ತರಿಸುತ್ತೇವೆ, ಮೇಡಂ ಅಚ್ಚುಗಳ ಉಗ್ರಾಣ ನೋಡಿಕೊಳ್ಳಲಿ ಎಂದು ಹೇಳಿ ಕಳಿಸಿದ್ದರು. ಅವರು ಬಂದು ನೋಡುವುದರೊಳಗೆ ಪ್ರೋಗ್ರಾಂ ಚುರುಕಾದರೆ ಸರಿ, ಇಲ್ಲದಿದ್ದರೆ ವರ್ಷಗಟ್ಟಲೆ ಮಾಡಿದ ಕೆಲಸ ಮಣ್ಣು ಪಾಲು.

ಆಗಷ್ಟೇ ಹೊಸದಾಗಿ ಹಾಕಿದ್ದ ಆಪರೇಟಿಂಗ್ ಸಿಸ್ಟಂನಲ್ಲಿ ಒಂದು ಅನುಕೂಲ ಬಂದಿತ್ತು. ಮೆಮೊರಿಯನ್ನು ಸಣ್ಣ ಸಣ್ಣ ಪುಟಗಳಾಗಿ ಹಂಚುವ ಬದಲು, ಬೇಕಾದ ಪ್ರೋಗ್ರಾಂ ತಾನೇ ಕೇಳಿ ಭಾರೀ ದೊಡ್ಡ ಪುಟಗಳನ್ನು ಪಡೆಯಬಹುದಿತ್ತು. ಇದನ್ನು ನಾನು ಸರ್‌ಗೆ ವಿವರಿಸಲು ಹೋಗಿ ಬೆವತೆ. ಮೇಡಂ ಮಾತ್ರ ಸಲೀಸಾಗಿ ಹೇಳಿದರು.

“ನಮ್ಮ ಕ್ವಾರ್ಟರ್ಸಲ್ಲಿ ಒಂದೊಂದು ಕೋಣೆಗೂ ಒಂದೊಂದು ವಿಳಾಸ ಇದ್ದಿದ್ರೆ ಪೋಸ್ಟ್‌ಮನ್ ಗತಿ ಏನಾಗ್ತಿತ್ತು ಸಾರ್? ಹೆಜ್ಜೆಗೊಂದ್ಸಲ ನಿಂತು ವಿಳಾಸ ಹುಡುಕ್ಬೇಕಿತ್ತು. ಇಡೀ ಸಾಲಿಗೆ ಒಂದೇ ವಿಳಾಸ ಕೊಟ್ಬಿಟ್ರೆ ಸುಮ್ನೆ ನಡ್ಕೊಂಡು ಹೋಗ್ತಾನೆ. ದೊಡ್ಡ ಪುಟ ಅಂದ್ರೆ ಅಷ್ಟೇ.”

ಸರ್‌ಗೆ ಪೋಸ್ಟ್‌ಮನ್ ಅರ್ಥವಾದ. ಪ್ರೋಗ್ರಾಂ ತಾನೇ ಕೇಳುತ್ತದೆ ಎಂಬುದು ಗಂಟಲಲ್ಲಿ ಇಳಿಯಲಿಲ್ಲ. ವಿಭಾಗಕ್ಕೆ ಮುಖ್ಯಸ್ಥ ಅಂತ ಒಬ್ಬನಿರುವಾಗ ಅದು ನೇರವಾಗಿ ಯಂತ್ರವನ್ನು ಕೇಳುವುದು ಯಾವ ಶಿಸ್ತು, ನನ್ನ ಮೂಲಕ ಕೇಳಲಿ ಅಂದರು. ಸಾರ್, ಅದು ಕಣ್ಣು ಮಿಟುಕಿಸುವುದರೊಳಗೆ ಸಾವಿರ ಸಲ ಜಾಗ ಕೇಳುತ್ತದೆ, ಪ್ರತಿ ಸಲವೂ ನಿಮ್ಮನ್ನು ಕರೆಯಲಾಗುತ್ತದೆಯೇ ಎಂದೆ. ಸರ್ ಹೆಗಲ ಟವೆಲ್ ಸರಿಮಾಡಿಕೊಂಡು, “ಹಂಗಾದ್ರೆ ಬೆಳಿಗ್ಗೆ ಬಾಗಿಲು ತೆಗೆದ ಕೂಡ್ಲೇ ಒಟ್ಟಿಗೆ ಎತ್ತಿಟ್ಬಿಡು ಮಾರಾಯ. ಆಮೇಲೆ ಎತ್ತಿಟ್ಟಿದ್ರಲ್ಲಿ ಕೇಳ್ಕೊಳ್ಲಿ” ಅಂದರು.

ಕಂಪ್ಯೂಟರಿನ ಗಂಧಗಾಳಿ ಇಲ್ಲದವರ ಮಾತು ಅಂತ ನಾನು ಒಳಗೊಳಗೇ ನಕ್ಕೆ. ಮಧ್ಯಾಹ್ನ ಕೈಪಿಡಿ ತೆಗೆದು ನೋಡಿದರೆ, ಯಂತ್ರ ಶುರುವಾಗುವಾಗಲೇ ದೊಡ್ಡ ಪುಟಗಳನ್ನು ಎತ್ತಿಡಬೇಕು, ತಡವಾದರೆ ಮೆಮೊರಿ ಚೂರುಚೂರಾಗಿ ಹರಡಿಕೊಂಡು ಒಂದೇ ಕಡೆ ಜಾಗ ಸಿಗುವುದಿಲ್ಲ ಎಂದಿತ್ತು. ಅಮೆರಿಕದಲ್ಲಿ ಕೂತು ಅದನ್ನು ಬರೆದವರೂ ಎಂದೋ ಒಂದು ದಿನ ಶಿವಮೊಗ್ಗದ ಬಸ್ ಸ್ಟ್ಯಾಂಡ್ ನೋಡಿದ್ದಿರಬೇಕು.

ಸಾರು

ಮೊದಲ ಪ್ರಯೋಗದ ದಿನ ಎತ್ತಿಡುವುದು ಎತ್ತಿಡುತ್ತೇವೆ, ಧಾರಾಳವಾಗಿಯೇ ಇರಲಿ ಎಂದು ಸರ್ ಹೇಳಿದರು. ಮೆಮೊರಿಯ ಬಹುಪಾಲನ್ನು ದೊಡ್ಡ ಪುಟಗಳಿಗೆ ಎತ್ತಿಟ್ಟೆ. ಹಾಗೆ ಎತ್ತಿಟ್ಟ ಜಾಗ ಖಾಲಿ ಬಿದ್ದಿದ್ದರೂ, ದೊಡ್ಡ ಪುಟ ಬೇಕೆಂದು ಕೇಳಲು ಬಾರದ ಪ್ರೋಗ್ರಾಮಿಗೆ ಅದರಲ್ಲಿ ಒಂದು ಅಂಗುಲವೂ ಸಿಗುವುದಿಲ್ಲ.

ಮೇಡಂ ಪ್ರೋಗ್ರಾಂ ಹಾರಿಕೊಂಡು ಹೋಯಿತು. ಸಂಜೆಗೂ ಮುಗಿಯದಿದ್ದದ್ದು ಊಟದ ಗಂಟೆ ಹೊಡೆಯುವ ಮೊದಲೇ ಮುಗಿಯಿತು. ಪರದೆಯ ಮೇಲೆ ಕಬ್ಬಿಣ ಕೆಂಪಿನಿಂದ ಹಳದಿಗೆ, ಹಳದಿಯಿಂದ ನೀಲಿಗೆ ತಿರುಗಿ ತಣ್ಣಗಾಗುವುದನ್ನು ಮೂವರೂ ನಿಂತು ನೋಡಿದೆವು. ಮೇಡಂ ಕಣ್ಣಲ್ಲಿ ನೀರಿತ್ತು. ಸರ್ ನನ್ನ ಬೆನ್ನಿಗೆ ಗುದ್ದಿದ ಗುದ್ದು ಎರಡು ದಿನ ನೋಯುತ್ತಿತ್ತು.

ಅದೇ ಯಂತ್ರದಲ್ಲಿ ಕ್ಯಾಂಟೀನಿನ ಊಟದ ಚೀಟಿ ಮುದ್ರಿಸುವ ಪ್ರೋಗ್ರಾಮೂ ಓಡುತ್ತದೆ ಎಂಬುದು ನಮ್ಮ ಯಾರ ತಲೆಯಲ್ಲೂ ಇರಲಿಲ್ಲ. ಉಳಿದ ಚೂರು ಜಾಗ ಸಾಲದೆ ಸಿಸ್ಟಂ ಸುತ್ತಮುತ್ತ ನೋಡಿ, ಬಡಪಾಯಿ ಯಾರು ಎಂದು ಹುಡುಕಿ, ಅದನ್ನೇ ಮುಗಿಸಿಬಿಟ್ಟಿತ್ತು. ಚೀಟಿ ಇಲ್ಲದೆ ಊಟ ಬಡಿಸುವಂತಿಲ್ಲ. ಇಡೀ ಶಿಫ್ಟಿನ ಜನ ತಟ್ಟೆ ಹಿಡಿದು ಸಾಲಾಗಿ ನಿಂತಿದ್ದಾರೆ, ಒಳಗೆ ಅಡುಗೆ ಕಾಯುತ್ತಿದೆ.

ಕ್ಯಾಂಟೀನಿನ ಮೇಲ್ವಿಚಾರಕರು ಸೇಲಂ ಕಡೆಯಿಂದ ಬಂದು ಭದ್ರಾವತಿಯಲ್ಲೇ ನೆಲೆ ನಿಂತ ಹಿರಿಯರು. ಜೋರಾಗಿ ಮಾತಾಡಿದವರಲ್ಲ. ಸೌಟು ಹಿಡಿದುಕೊಂಡೇ ನಮ್ಮ ಕೋಣೆಗೆ ಬಂದು ಪರದೆಯ ನೀಲಿ ಬಣ್ಣವನ್ನು ಗಮನವಿಟ್ಟು ನೋಡಿದರು.

“ನಿಮ್ ಕಬ್ಣ ತಣ್ಣಗಾಯ್ತಾಮ್ಮಾ?” ಎಂದು ಕೇಳಿದರು. ಮೇಡಂ ಸಂಭ್ರಮದಿಂದ ಹೌದು ಅಂದರು.

“ಸಂತೋಸಂ. ನಮ್ ಸಾರೂ ತಣ್ಣಗಾಯ್ತು.”

ಟವೆಲ್ ಪ್ರೋಗ್ರಾಂ

ಮರುದಿನದಿಂದ ಎತ್ತಿಡುವ ಜಾಗವನ್ನು ಅರ್ಧಕ್ಕೆ ಇಳಿಸಿದೆ. ಮೇಡಂ ಪ್ರೋಗ್ರಾಮಿಗೆ ಅಷ್ಟೇ ಸರಿಯಾಗಿ ಸಾಕಾಗುತ್ತಿತ್ತು, ಕ್ಯಾಂಟೀನಿನಲ್ಲೂ ಊಟ ಸಿಗುತ್ತಿತ್ತು. ಎಲ್ಲಾ ಹಳಿಗೆ ಬಂತು ಅಂದುಕೊಂಡಾಗ ಉಗ್ರಾಣದ ಸಾಮಾನು ನೋಡಿಕೊಳ್ಳುವ ಪ್ರೋಗ್ರಾಮಿನ ಹೊಸ ಆವೃತ್ತಿ ಬಂತು. ಅದಕ್ಕೂ ದೊಡ್ಡ ಪುಟ ಕೇಳಲು ಬರುತ್ತಿತ್ತು. ಒಂದು ಬೆಳಿಗ್ಗೆ ಮೇಡಂ ಬರುವ ಮೊದಲೇ ಎದ್ದು, ಎತ್ತಿಟ್ಟಿದ್ದರಲ್ಲಿ ಮುಕ್ಕಾಲು ಪಾಲನ್ನು ತೆಗೆದುಕೊಂಡು ಕೂತುಬಿಟ್ಟಿತು. ಬೋಲ್ಟು ನಟ್ಟು ಎಣಿಸುವುದಕ್ಕೆ ಅಷ್ಟು ಜಾಗ.

ಸರ್‌ಗೆ ಬಂದಂಥ ಸಿಟ್ಟನ್ನು ನಾನು ಅವರಲ್ಲಿ ಎಂದೂ ಕಂಡಿರಲಿಲ್ಲ. ಬಸ್ಸಿನಲ್ಲಿ ಹಿಡಿದ ಸೀಟಿನಲ್ಲಿ ದಾಂಡಿಗನೊಬ್ಬ ಬಂದು ಕೂತ ಹಾಗೆ ಅವರಿಗೆ ಕಂಡಿತ್ತು. ಎತ್ತಿಟ್ಟರೆ ಸಾಲದು, ಯಾರೋ ಕೂತಿದ್ದಾರೆ ಅಂತ ಕಾಣಬೇಕು ಅಂದರು. ಆ ಉಗ್ರಾಣದ ಪ್ರೋಗ್ರಾಮಿಗೆ ಸಣ್ಣ ಪುಟಗಳೇ ಸಾಕು ಎಂದು ಹೇಳಿಟ್ಟರೆ ಮುಗಿಯಿತು, ನಾನೇ ಮಾಡುತ್ತೇನೆ ಎಂದೆ, ಮಾಡಿದೆ ಕೂಡ. ಅವರಿಗೆ ಸಮಾಧಾನವಾಗಲಿಲ್ಲ. ಬೆಳಿಗ್ಗೆಯೇ ದೊಡ್ಡ ಪುಟಗಳನ್ನೆಲ್ಲ ಕೇಳಿ ಪಡೆದು, ಏನೂ ಮಾಡದೆ ಅವುಗಳ ಮೇಲೆ ಸುಮ್ಮನೆ ಕೂತಿರುವ ಪ್ರೋಗ್ರಾಂ ಒಂದನ್ನು ಬರೆದುಕೊಡು ಎಂದು ಹಟ ಹಿಡಿದರು.

ಹತ್ತು ಸಾಲಿನ ಕೆಲಸ. ಬರೆದುಕೊಟ್ಟು ಅದಕ್ಕೆ ತಮಾಷೆಗೆ ‘ಟವೆಲ್’ ಅಂತಲೇ ಹೆಸರಿಟ್ಟೆ. ಮೇಡಂ ಬಂದ ಕೂಡಲೇ ಇದನ್ನು ನೀವೇ ನಿಲ್ಲಿಸಬೇಕು ಸಾರ್, ಆಮೇಲೆ ಅವರ ಪ್ರೋಗ್ರಾಂ ಶುರುವಾಗಬೇಕು ಎಂದು ಹೇಳಿದೆ. ಸರ್ ಗೊತ್ತಾಯಿತು ಗೊತ್ತಾಯಿತು ಎಂದು ತಲೆಯಾಡಿಸಿದರು. ಅವರಿಗೆ ಟವೆಲ್ಲಿನ ವಿಷಯ ಇನ್ನೊಬ್ಬರು ಹೇಳಿಕೊಡುವುದೇ?

ಅದನ್ನು ಬರೆಸಿಕೊಂಡ ಸಂಗತಿ ಮೇಡಂಗೆ ಹೇಳಬೇಡ ಅಂದರು. ಅವರ ಜಾಗ ಅವರಿಗೆ ಗೊತ್ತಿಲ್ಲದ ಹಾಗೆ ಭದ್ರವಾಗಿರಲಿ ಎಂಬುದು ಅವರ ಆಸೆ. ನನಗೂ ಅದು ಚೆನ್ನಾಗಿದೆ ಅನ್ನಿಸಿತು. ಕೆಲಸಕ್ಕೆ ಬಾರದ ಪ್ರೋಗ್ರಾಂ ನಾನು ಎಷ್ಟೋ ಬರೆದಿದ್ದೇನೆ. ಕೆಲಸವನ್ನೇ ಮಾಡಕೂಡದು ಎಂಬ ಷರತ್ತಿನ ಮೇಲೆ ಬರೆದದ್ದು ಅದೊಂದೇ.

ರೈಲು

ಬೆಂಗಳೂರಿನವರು ಬರುವ ದಿನ ಗೊತ್ತಾಯಿತು. ಬೆಳಿಗ್ಗೆ ಕಾರಿನಲ್ಲಿ ಬಂದು, ಪ್ರೋಗ್ರಾಂ ಓಡುವುದನ್ನು ಕಣ್ಣಾರೆ ನೋಡಿ, ಮಧ್ಯಾಹ್ನದ ರೈಲಿಗೆ ಭದ್ರಾವತಿಯಲ್ಲಿ ಹತ್ತುತ್ತಾರೆ. ಮುಗಿದರೆ ಮೇಡಂ ಪ್ರೋಗ್ರಾಂ ಉಳಿಯುತ್ತದೆ, ಮುಗಿಯದಿದ್ದರೆ ಪ್ಯಾಕೇಜ್. ಮೇಡಂ ಹಿಂದಿನ ದಿನವೆಲ್ಲ ಓಡಿಸಿ ನೋಡಿದ್ದರು. ಊಟಕ್ಕೆ ಮೊದಲೇ ಆರಾಮಾಗಿ ಮುಗಿಯುತ್ತಿತ್ತು.

ರೈಲಿನಲ್ಲಿ ಹಿಂದಿರುಗುವವರಿಗೆ ರಿಸರ್ವೇಶನ್ ಸಿಕ್ಕಿಲ್ಲ ಎಂಬ ಸುದ್ದಿ ಬಂದಾಗ ಸರ್ ಮುಖ ಅರಳಿತು. ಆ ರೈಲು ಹೊರಡುವುದು ಶಿವಮೊಗ್ಗದಿಂದ. ಅಲ್ಲೇ ಖಾಲಿ ಡಬ್ಬಿ ಹತ್ತಿ, ಕಿಟಕಿ ಪಕ್ಕ ಟವೆಲ್ ಹಾಸಿಕೊಂಡು ಭದ್ರಾವತಿಗೆ ಬಂದರೆ ಅತಿಥಿಗಳು ರಾಜರ ಹಾಗೆ ಕೂತು ಹೋಗುತ್ತಾರೆ. ಇದಕ್ಕೆ ನಂಬಿಕೆಯ ಜನ ಬೇಕು. ಯಂತ್ರವನ್ನು ಶುರು ಮಾಡಿ, ದೊಡ್ಡ ಪುಟ ಎತ್ತಿಟ್ಟು, ನೀನು ಶಿವಮೊಗ್ಗಕ್ಕೆ ಹೊರಡು ಎಂದು ತಮ್ಮ ಹೆಗಲ ಟವೆಲ್ಲನ್ನೇ ತೆಗೆದು ನನ್ನ ಕೈಗೆ ಕೊಟ್ಟರು. ಎಲ್ಲಾ ಸರಿಯಿತ್ತು, ನಾನಿದ್ದು ಮಾಡುವುದು ಏನೂ ಇರಲಿಲ್ಲ. ಹೊರಟೆ.

ಆ ಹೊತ್ತು ಇಲ್ಲಿ ನಡೆದದ್ದು ನನಗೆ ತಿಳಿದದ್ದು ಆಮೇಲೆ. ನಾನು ಹೊರಟ ಕೂಡಲೇ ಸರ್ ತಮ್ಮ ಕೋಣೆಯ ಕಂಪ್ಯೂಟರಿನಿಂದ, ಆ ದಿನಕ್ಕೆಂದೇ ಇಟ್ಟುಕೊಂಡಿದ್ದ ಟವೆಲ್ ಪ್ರೋಗ್ರಾಮನ್ನು ಮೊದಲ ಸಲ ಶುರು ಮಾಡಿ, ಬಾಗಿಲಿಗೆ ಬೀಗ ಹಾಕಿಕೊಂಡು ಅತಿಥಿಗಳನ್ನು ಎದುರುಗೊಳ್ಳಲು ಗೇಟಿಗೆ ಹೋದರು. ಮೇಡಂ ತಮ್ಮ ಪ್ರೋಗ್ರಾಮಿಗೆ ಚಾಲನೆ ಕೊಟ್ಟರು. ಅದು ದೊಡ್ಡ ಪುಟ ಕೇಳಿತು. ಒಂದೂ ಇಲ್ಲ ಎಂದಿತು ಸಿಸ್ಟಂ. ಕೇಳಿದ್ದು ಸಿಗದಿದ್ದರೆ ಸಣ್ಣ ಪುಟಗಳಲ್ಲೇ ನಡೆ ಎಂದು ಮೇಡಂ ಮೊದಲೇ ಬರೆದಿಟ್ಟಿದ್ದರು. ಉಳಿದ ಅರ್ಧ ಮೆಮೊರಿಯಲ್ಲಿ ಅದಕ್ಕೆ ಜಾಗ ಸಾಲಲಿಲ್ಲ. ಅದು ಡಿಸ್ಕಿಗೂ ಮೆಮೊರಿಗೂ ಓಡಾಡುತ್ತಾ ಎಂದೂ ಇಲ್ಲದಷ್ಟು ನಿಧಾನವಾಗಿ ತೆವಳತೊಡಗಿತು. ಯಂತ್ರದ ಮುಖ್ಯ ಪಾಸ್‌ವರ್ಡ್ ನನ್ನ ಹತ್ತಿರ ಮಾತ್ರ ಇತ್ತು, ನನ್ನ ಹತ್ತಿರ ಮೊಬೈಲ್ ಇರಲಿಲ್ಲ. ನಾನು ಪುಟಗಳನ್ನು ಎತ್ತಿಡಲು ಮರೆತೆ ಅಂದುಕೊಂಡು ಮೇಡಂ ಒಳಗೇ ನನ್ನನ್ನು ಬೈದುಕೊಂಡರಂತೆ. ಬಂದವರ ಮುಂದೆ ನನ್ನ ಹೆಸರೆತ್ತದೆ, ಮೆಮೊರಿಯಲ್ಲಿ ಜಾಗ ಸಿಕ್ಕಿಲ್ಲ ಎಂದಷ್ಟೇ ಹೇಳಿದರು. ಪಕ್ಕದಲ್ಲೇ ಕೂತಿದ್ದ ಸರ್ ಸ್ವಲ್ಪ ತಡೆಯಿರಿ, ಹಾರುತ್ತದೆ ನೋಡಿ, ಜಾಗಕ್ಕೇನೂ ತೊಂದರೆ ಇಲ್ಲ ಎಂದು ಅತಿಥಿಗಳಿಗೆ ಬೋಂಡ ಕೊಡುತ್ತಿದ್ದರು. ಪರದೆಯ ಮೇಲೆ ಕಬ್ಬಿಣ ಕೆಂಪಗೇ ಇತ್ತು. ರೈಲಿನ ಹೊತ್ತಾಯಿತು ಎಂದು ಅತಿಥಿಗಳು ಎದ್ದರು.

ನಾನು ಅತ್ತ ಶಿವಮೊಗ್ಗದಲ್ಲಿ ಕಿಟಕಿ ಪಕ್ಕದ ಸೀಟುಗಳ ಮೇಲೆ ಟವೆಲ್ ಹಾಸಿ, ಜಗಳವಾಡಿ, ಅದನ್ನು ಕಾಯ್ದುಕೊಂಡು ಭದ್ರಾವತಿಗೆ ಬಂದೆ. ಸ್ಟೇಷನ್ನಿನಲ್ಲಿ ಅವರು ಹತ್ತಿದರು. ನಾನು ಟವೆಲ್ ಎತ್ತಿದೆ, ಅವರು ಕಾಲು ಚಾಚಿ ಕೂತು ನಿಮ್ಮಲ್ಲಿ ವ್ಯವಸ್ಥೆ ಬಹಳ ಚೆನ್ನಾಗಿದೆ ಎಂದು ಹೊಗಳಿದರು. ಇಳಿಯುವ ಮೊದಲು ತಡೆಯಲಾರದೆ ಪ್ರೋಗ್ರಾಂ ಹೇಗಿತ್ತು ಸಾರ್ ಎಂದು ಕೇಳಿದೆ. ಅವರಲ್ಲಿ ಹಿರಿಯರು ಪಾಪ ಎನ್ನುವ ಹಾಗೆ ತಲೆ ಅಲ್ಲಾಡಿಸಿದರು.

“ಪ್ರೋಗ್ರಾಂ ಒಳ್ಳೇದೇ ಇದೆಯಪ್ಪ. ಅದಕ್ಕೆ ಕೂರೋಕೆ ಜಾಗ ಸಿಗ್ಲಿಲ್ಲವಂತೆ.”

ಸರ್ ಕೇಳಿದ ಪ್ರಶ್ನೆ

ಸ್ಟೇಷನ್ನಿನಿಂದ ನೇರ ಕಾರ್ಖಾನೆಗೆ ಓಡಿದೆ. ಮೇಡಂ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಯಂತ್ರದಲ್ಲಿ ಯಾರು ಎಷ್ಟು ಜಾಗ ಹಿಡಿದಿದ್ದಾರೆ ಎಂದು ತೆಗೆದೆ. ಎಲ್ಲಾ ದೊಡ್ಡ ಪುಟಗಳ ಮೇಲೂ ಒಂದೇ ಹೆಸರು, ಟವೆಲ್. ಅದರ ಪಕ್ಕ ಸರ್ ಹೆಸರು. ಮೇಡಂ ಬಗ್ಗಿ ನೋಡಿದರು. ಇದೇನು ಎಂದು ಕೇಳಿದರು, ನಾನು ಹೇಳಿದೆ. ಅವರು ನಗಲು ಶುರು ಮಾಡಿದರು. ಕುರ್ಚಿ ಹಿಡಿದುಕೊಂಡು ನಕ್ಕರು, ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ನಗು ಯಾವಾಗ ನಿಂತು ಅಳು ಯಾವಾಗ ಶುರುವಾಯಿತು ಎಂದು ನನಗೆ ಗೊತ್ತಾಗಲಿಲ್ಲ.

ಸರ್ ಬಾಗಿಲಲ್ಲಿ ನಿಂತಿದ್ದರು. ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

“ಅವರಿಗೋಸ್ಕರಾನೇ ಹಾಕಿದ್ದಲ್ವೇನೋ ಮಾರಾಯ. ಬಂದ್ಮೇಲೆ ಎತ್ತಿ ಕೂತ್ಕೊಳ್ಳೋದಲ್ವಾ?”

ಮತ್ತೆ ಬಸ್ಸು

ಪ್ಯಾಕೇಜ್ ಬಂತು. ಮೇಡಂ ಅಚ್ಚುಗಳ ಉಗ್ರಾಣಕ್ಕೆ ಹೋದರು. ಇನ್ನೊಂದು ಅವಕಾಶ ಕೊಡಿ ಎಂದು ಸರ್ ಬೆಂಗಳೂರಿಗೆ ಹೋಗಿ ಕೇಳಿದರು, ತಪ್ಪು ನನ್ನದು ಎಂದು ಹೇಳಿದರು. ಪ್ಯಾಕೇಜಿಗೆ ಆಗಲೇ ಒಪ್ಪಿಗೆ ಆಗಿದೆ ಅಂದರಂತೆ. ಆ ಪ್ಯಾಕೇಜು ಟೊಳ್ಳು ತೋರಿಸಿದ ಜಾಗದಲ್ಲಿ ಕೊಯ್ದರೆ ಗಟ್ಟಿ ಕಬ್ಬಿಣ ಇರುತ್ತಿತ್ತು. ಕುಲುಮೆಯವರು ಗುಟ್ಟಾಗಿ ಉಗ್ರಾಣಕ್ಕೆ ಹೋಗಿ ಮೇಡಂ ಅವರನ್ನೇ ಕೇಳಿಕೊಂಡು ಬರುತ್ತಿದ್ದರು. ಈಗಿನ ಸಿಸ್ಟಂಗಳು ಪ್ರೋಗ್ರಾಮಿನ ಒಂದು ಸುಳಿವು ಸಿಕ್ಕರೆ ಸಾಕು, ತಾವೇ ಚೂರುಪಾರುಗಳನ್ನು ಅತ್ತಿತ್ತ ಸರಿಸಿ ದೊಡ್ಡ ಜಾಗ ಮಾಡಿಕೊಡುತ್ತವೆ. ಅದನ್ನು ಮೊದಲ ಸಲ ಓದಿದ ದಿನ ನನಗೆ ಊಟ ಸೇರಲಿಲ್ಲ. ಕೆಲವು ವರ್ಷ ಮೊದಲೇ ಬಂದಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಅನ್ನಿಸುತ್ತದೆ.

ಸರ್ ಆ ದಿನದಿಂದ ಟವೆಲ್ ತರುವುದು ಬಿಟ್ಟರು. ಬಸ್ಸು ತಿರುಗಿದರೂ ಓಡುತ್ತಿರಲಿಲ್ಲ. ಎಲ್ಲರೂ ಹತ್ತಿದ ಮೇಲೆ ಹತ್ತಿ, ಖಾಲಿ ಹೆಗಲಲ್ಲಿ ಕಂಬಿ ಹಿಡಿದು ಭದ್ರಾವತಿಯವರೆಗೆ ನಿಂತೇ ಬರುತ್ತಿದ್ದರು. ನಾನು ಒಮ್ಮೆ ಅವರಿಗೆಂದು ಕರವಸ್ತ್ರ ಹಾಕಿ ಸೀಟು ಹಿಡಿದೆ. ಅವರು ಅದನ್ನು ಎತ್ತಿ ನನ್ನ ಜೇಬಿಗೆ ತುರುಕಿ, ನಿಂತೇ ಬಂದರು.

ಮಳೆಗಾಲ ಕಳೆದ ಮೇಲೆ ಮೇಡಂ ಕೆಲಸ ಬಿಟ್ಟರು. ಶಿವಮೊಗ್ಗದಲ್ಲಿ ಅಕ್ಕನ ಮನೆಯಲ್ಲಿದ್ದುಕೊಂಡು ಹುಡುಗರಿಗೆ ಗಣಿತ ಹೇಳಿಕೊಡುತ್ತೇನೆ ಅಂದರು. ಕೊನೆಯ ದಿನ ಸಂಜೆ ನಮ್ಮ ಜೊತೆಗೇ ಬಸ್ ಸ್ಟ್ಯಾಂಡಿಗೆ ಬಂದರು. ಕೈಯಲ್ಲಿ ಒಂದು ಚೀಲ, ಕುಲುಮೆಯವರು ಕೊಟ್ಟ ಪುಟ್ಟ ಎರಕದ ಆನೆ. ಅದರೊಳಗೆ ಟೊಳ್ಳಿಲ್ಲ ಮೇಡಂ, ನೀವು ಹೇಳಿದ ಹಾಗೇ ಹೊಯ್ದಿದ್ದೇವೆ ಎಂದು ಹೇಳಿ ಕೊಟ್ಟಿದ್ದರಂತೆ.

ಶಿವಮೊಗ್ಗದ ಬಸ್ಸು ತಿರುಗಿತು. ನನ್ನ ಪಕ್ಕದಲ್ಲಿದ್ದ ಸರ್ ಇದ್ದಕ್ಕಿದ್ದಂತೆ ಇಲ್ಲ. ನೋಡಿದರೆ ಬಸ್ಸಿನ ಪಕ್ಕ ಓಡುತ್ತಿದ್ದಾರೆ. ಚೀಲದಿಂದ ಹೊಸ ಕೆಂಪು ಚೌಕಳಿ ಟವೆಲ್ ತೆಗೆದು ಕಿಟಕಿಯೊಳಕ್ಕೆ ಎಸೆದರು. ಅಷ್ಟು ತಿಂಗಳ ನಂತರವೂ ಅದು ಸೀಟಿನ ಮೇಲೆ ನೆರಿಗೆಯಿಲ್ಲದೆ ಹಾಸಿಕೊಂಡು ಬಿತ್ತು. ಆಮೇಲೆ ಏದುಸಿರು ಬಿಡುತ್ತಾ ಬಾಗಿಲ ಹತ್ತಿರ ನಿಂತು, ಮೇಡಂ ಕಡೆ ನೋಡದೆ, ಹತ್ತಿ ಎನ್ನುವ ಹಾಗೆ ಕೈ ಮಾಡಿದರು.

ಮೇಡಂ ಹತ್ತಿದರು. ಸೀಟಿನ ಮುಂದೆ ಒಂದು ಗಳಿಗೆ ನಿಂತರು. ಟವೆಲ್ ಎತ್ತಿದರು, ಅಂಚಿಗೆ ಅಂಚು ಸೇರಿಸಿ ಮಡಿಸಿದರು, ಕೂತರು. ಮಡಿಸಿದ್ದನ್ನು ಸರ್ ಕೈಗೆ ಕೊಟ್ಟರು.

“ಎತ್ತಿ ಕೂರೋದು ನಂಗೆ ಬರ್ತದೆ ಸಾರ್. ನನ್ ಪ್ರೋಗ್ರಾಮಿಗೆ ಕಲಿಸಿರ್ಲಿಲ್ಲ, ಅಷ್ಟೇ.”

ಸರ್ ಅದನ್ನು ಇಸಿದುಕೊಂಡರು. ಕಂಬಿ ಹಿಡಿದು ನಿಂತು, ಟವೆಲ್ಲನ್ನು ಮುಖಕ್ಕೆ ಹಿಡಿದುಕೊಂಡರು. ಬಹಳ ಹೊತ್ತು ತೆಗೆಯಲೇ ಇಲ್ಲ. ಟಿಕೆಟ್ ಕೊಡುತ್ತಾ ಬಂದ ಕಂಡಕ್ಟರ್ ಅವರನ್ನು ನೋಡಿ ನಿಂತ.

“ಕಿಟಕಿ ತೆಗೀರಿ ಸ್ವಾಮಿ ಯಾರಾದ್ರೂ,” ಅಂದ. “ಹಿರಿಯರಿಗೆ ಸೆಖೆ ಆಗ್ತಿದೆ.”